ಮುಂಬಯಿಗೆ ಎರಡು ದಿನಕ್ಕೆ ಬಂದವರು ಎಲ್ಲಿ ಉಣ್ಣಬೇಕು, ಯಾವುದನ್ನು ಬಿಡಬೇಕು

ಊರಿಂದ ಯಾರಾದರೂ ಮುಂಬಯಿಗೆ ಹೊರಟರೆಂದರೆ ವಾರ ಮೊದಲೇ ನನ್ನ ಫೋನಿಗೆ ಒಂದು ಪಟ್ಟಿ ಬಂದು ಬೀಳುತ್ತದೆ. ಇಪ್ಪತ್ತೋ ಇಪ್ಪತ್ತೈದೋ ಹೋಟೆಲುಗಳ ಹೆಸರು, ಎಲ್ಲ ಯಾರೋ ಹಾಕಿದ ರೀಲ್ಸ್ ನೋಡಿ ಬರೆದುಕೊಂಡದ್ದು. ಉಳಿಯುವುದು ಎರಡೇ ದಿನ. ಹೋದ ಡಿಸೆಂಬರಿನಲ್ಲಿ ಅಕ್ಕ-ಭಾವ ಬಂದಾಗ ಭಾವ ತೆಗೆದ ಪಟ್ಟಿ ಹೀಗಿತ್ತು: ಬೆಳಿಗ್ಗೆ ಕೊಲಾಬಾ, ಮಧ್ಯಾಹ್ನ ಬಾಂದ್ರಾ, ಸಂಜೆ ಜುಹೂ, ರಾತ್ರಿ ವಾಪಸ್ ಮೊಹಮ್ಮದ್ ಅಲಿ ರೋಡ್. "ಭಾವ, ಇಷ್ಟು ತಿರುಗಿದರೆ ನಿಮ್ಮ ಊಟ ಟ್ಯಾಕ್ಸಿಯಲ್ಲೇ ಆಗುತ್ತೆ, ಅದೂ ಬಿಸ್ಕತ್ತು" ಅಂದೆ. ಅಕ್ಕ ನಕ್ಕಳು. ಭಾವ ಪಟ್ಟಿ ಮಡಚಿ ಜೇಬಿಗಿಟ್ಟರು, ಆದರೆ ಹರಿಯಲಿಲ್ಲ.

ಈ ಊರಿನಲ್ಲಿ ಹೆಸರು ನೋಡಿ ಹೋಟೆಲು ಆರಿಸಿದವರು ಅರ್ಧ ಸಲ ಸೋಲುತ್ತಾರೆ. ಇಲ್ಲಿ ನೋಡಬೇಕಾದ್ದು ಹೊತ್ತು. ಮುಂಬಯಿಯ ಹಳೆಯ ಊಟದ ಜಾಗಗಳೆಲ್ಲ ಯಾರೋ ಒಬ್ಬ ದುಡಿಯುವವನ ಒಂದು ಹೊತ್ತಿನ ಹಸಿವಿಗೆಂದು ಶುರುವಾದವು. ಆಫೀಸಿಗೆ ಓಡುವವನಿಗೆ ಇರಾನಿ ಚಹ, ಹೆಂಡತಿ-ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತನಿಗೆ ಬೋರ್ಡಿಂಗ್ ಊಟ, ಪಾಳಿ ಮುಗಿಸಿದ ಗಿರಣಿ ಕಾರ್ಮಿಕನಿಗೆ ವಡಾ ಪಾವ್, ಇಫ್ತಾರ್ ಮುಗಿಸಿ ಹೊರಬಿದ್ದವರಿಗೆ ಮಾಲ್‌ಪುವಾ. ಆ ಹೊತ್ತಿಗೆ ಹೋದರೆ ಕೂತವರ ಮುಖ, ಗಲಾಟೆ, ಒಲೆಯ ಬಿಸಿ ಎಲ್ಲ ಸೇರಿ ರುಚಿ. ಅದೇ ಜಾಗಕ್ಕೆ ಮಧ್ಯಾಹ್ನ ನಾಲ್ಕಕ್ಕೆ ಹೋದರೆ ಆರಿದ ತಿಂಡಿ, ಗೋಡೆಗೆ ಒರಗಿ ನಿದ್ದೆ ಮಾಡುವ ಮಾಣಿ. ಹಾಗಾಗಿ ನಾನು ಬಂದವರಿಗೆ ಹೊತ್ತು ಹೊತ್ತಿಗೆ ಎರಡೋ ಮೂರೋ ಆಯ್ಕೆ ಎದುರೆದುರು ಇಟ್ಟು, ಒಂದನ್ನು ಉಳಿಸಿ ಮಿಕ್ಕದ್ದನ್ನು ಹೊಡೆದುಹಾಕುತ್ತೇನೆ.

ಬೆಳಿಗ್ಗೆ: ಇರಾನಿಯೋ, ಮಾಟುಂಗಾವೋ, ದಾದರೋ

ಕರ್ನಾಟಕದಿಂದ ಬಂದವರು ನೀವಾದರೆ ನನ್ನ ಓಟು ಇರಾನಿಗೆ. ಇಡ್ಲಿ ದೋಸೆ ತಿನ್ನಲು ಒಂದು ರಾತ್ರಿ ರೈಲಿನಲ್ಲಿ ಕೂತು ಬರಬೇಕಾಗಿರಲಿಲ್ಲ.

ಇರಾನಿನ ಯಜ್ದ್, ಕೆರ್ಮಾನ್ ಕಡೆಯಿಂದ ಹತ್ತೊಂಬತ್ತನೇ ಶತಮಾನದ ಕೊನೆಗೆ, ಇಪ್ಪತ್ತನೆಯದರ ಮೊದಲಿಗೆ ಬಂದ ಜರತುಷ್ಟ್ರ ಧರ್ಮದವರು ಬೀದಿ ಮೂಲೆಗಳಲ್ಲಿ ತೆರೆದ ಚಹದಂಗಡಿಗಳಿವು. ಒಂದು ಕಾಲಕ್ಕೆ ನೂರಾರು ಇದ್ದವು. ಈಗ ಬೆರಳಲ್ಲಿ ಎಣಿಸಬಹುದು. ಬಂದವರನ್ನು ನಾನು ಕರೆದುಕೊಂಡು ಹೋಗುವುದು ಧೋಬಿ ತಲಾವ್‌ನ ಕಯಾನಿಗೆ. 1904ರದು. ಮರೀನ್ ಲೈನ್ಸ್ ಸ್ಟೇಷನ್ನಿನಲ್ಲಿ ಇಳಿದು ಮೆಟ್ರೋ ಸಿನಿಮಾ ಕಡೆ ನಡೆದರೆ ಸಿಗುತ್ತದೆ. ಒಳಗೆ ಬಾಗಿಸಿದ ಮರದ ಕುರ್ಚಿ, ಚೌಕಳಿ ಮೇಜುಬಟ್ಟೆ, ಗಾಜಿನ ಬರಣಿಗಳಲ್ಲಿ ಬಿಸ್ಕತ್ತು.

ಇಲ್ಲಿ ಒಂದು ಸಣ್ಣ ಆಯ್ಕೆ ಇದೆ, ಮೊದಲ ಸಲದವರು ಗೊಂದಲಕ್ಕೆ ಬೀಳುತ್ತಾರೆ: ಬನ್ ಮಸ್ಕಾನೋ, ಬ್ರುನ್ ಮಸ್ಕಾನೋ. ಮಸ್ಕಾ ಅಂದರೆ ಬೆಣ್ಣೆ. ಬನ್ ಮೆತ್ತಗೆ, ತುಸು ಸಿಹಿ. ಬ್ರುನ್ ಹೊರಗೆ ಗಟ್ಟಿ, ಕಚ್ಚಿದರೆ ಚೂರು ಮೇಜಿನ ತುಂಬ ಉದುರುತ್ತದೆ. ಹಲ್ಲು ಗಟ್ಟಿ ಇದ್ದವರು ಬ್ರುನ್ ಹೇಳಿ. ಹಲ್ಲಿನ ಸೆಟ್ಟು ಹಾಕಿಕೊಂಡವರೂ ಅದನ್ನೇ ಹೇಳಬಹುದು, ಚಹದಲ್ಲಿ ಅದ್ದಬೇಕು ಅಷ್ಟೆ. ಅದ್ದಿದ ಕೂಡಲೆ ಬೆಣ್ಣೆ ಕರಗಿ ಚಹದ ಮೇಲೆ ಹಳದಿ ಚಕ್ರಗಳಾಗಿ ತೇಲುತ್ತದೆ, ಕೊನೆಯ ಗುಟುಕು ಉಪ್ಪು-ಸಿಹಿ ಎರಡೂ ಸೇರಿದ ಏನೋ ಒಂದು. ಅಕ್ಕ ಮೊದಲು ಮುಖ ಸಿಂಡರಿಸಿದಳು, ಎರಡನೇ ಬ್ರುನ್ ತಾನೇ ಹೇಳಿದಳು. ಮೊಟ್ಟೆ ತಿನ್ನುವವರು ಅಕುರಿ ಹೇಳಿ. ಪಾರ್ಸಿಗಳ ಮೊಟ್ಟೆ ಪಲ್ಯ ಅನ್ನಿ, ಈರುಳ್ಳಿ-ಹಸಿಮೆಣಸು ಹಾಕಿ ನೀರುನೀರಾಗಿ ಬಿಟ್ಟಿರುತ್ತಾರೆ. ಮಾಂಸ ತಿನ್ನುವವರಿಗೆ ಖೀಮಾ ಪಾವ್. ಬರೀ ಚಹ ಮತ್ತು ಮಸ್ಕಾ ಆದರೆ ಇಬ್ಬರಿಗೆ ಇನ್ನೂರು ರೂಪಾಯಿಯೊಳಗೆ ಮುಗಿಯುತ್ತದೆ. ನಗದು ಇಟ್ಟುಕೊಂಡಿರಿ.

ಮಾಟುಂಗಾ ಯಾರಿಗೆ? ಇಡ್ಲಿ ಇಲ್ಲದೆ ಬೆಳಗಾಗದ ಹಿರಿಯರು ಜೊತೆಗಿದ್ದರೆ, ಇಲ್ಲವೇ ನೀವು ಬೇರೆ ಕಡೆಯಿಂದ ಬಂದು ವರ್ಷಗಟ್ಟಲೆ ಒಳ್ಳೆ ದೋಸೆ ಕಂಡಿಲ್ಲದಿದ್ದರೆ. ಕಿಂಗ್ಸ್ ಸರ್ಕಲ್ಲಿನ ಸುತ್ತ ಕೆಫೆ ಮೈಸೂರು 1936ರಿಂದ, ರಾಮ್ ಆಶ್ರಯ 1939ರಿಂದ, ಕೆಫೆ ಮದ್ರಾಸ್ 1940ರಿಂದ ಇವೆ. ಹೆಸರಿನಲ್ಲಿ ಮದ್ರಾಸ್ ಇದ್ದರೂ ನಡೆಸುವವರು ಕಾಮತರು. ರಾಗಿ ದೋಸೆ, ನೀರುದೋಸೆ, ರಸಂ ವಡೆ ಸಿಗುತ್ತವೆ. ರಾಮ್ ಆಶ್ರಯದಲ್ಲಿ ಅನಾನಸ್ ಶಿರಾ ಬಿಡಬಾರದು. ನಾವು ಕೇಸರಿಬಾತ್ ಅನ್ನುವುದಕ್ಕೆ ಇಲ್ಲಿ ಶಿರಾ ಎಂಬ ಹೆಸರು. ಭಾನುವಾರ ಬೆಳಿಗ್ಗೆ ಕೆಫೆ ಮದ್ರಾಸ್ ಮುಂದೆ ಹೆಸರು ಬರೆಸಿ ಫುಟ್‌ಪಾತಿನಲ್ಲಿ ನಿಲ್ಲಬೇಕು. ಇಡ್ಲಿಗಾಗಿ ಮುಕ್ಕಾಲು ಗಂಟೆ ನಿಲ್ಲುವುದು ನನ್ನ ಲೆಕ್ಕದಲ್ಲಿ ದಂಡ. ಭಾನುವಾರ ಬಿಟ್ಟು ಹೋಗಿ.

ಒಂದು ಎಚ್ಚರಿಕೆ, ಪ್ರತಿ ವರ್ಷ ಯಾರಾದರೂ ಎಡವುತ್ತಾರೆ. ಮಾಟುಂಗಾ ಬೇರೆ, ಮಾಟುಂಗಾ ರೋಡ್ ಬೇರೆ. ಮೊದಲನೆಯದು ಸೆಂಟ್ರಲ್ ಲೈನು, ಎರಡನೆಯದು ವೆಸ್ಟರ್ನ್. ನೀವು ಇಳಿಯಬೇಕಾದ್ದು ಮೊದಲನೆಯದರಲ್ಲಿ, ಅದೂ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿ ಹಿಡಿದು. ಇಲ್ಲದಿದ್ದರೆ ಗಾಡಿ ದಾದರಿಂದ ಹೊರಟು ಕುರ್ಲಾದಲ್ಲೇ ನಿಲ್ಲುವುದು.

ದಾದರ್ ವೆಸ್ಟಿನ ಮರಾಠಿ ಉಪಾಹಾರಗೃಹಗಳನ್ನು ನಮ್ಮವರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದೊಂದು ಬೇಜಾರು. ಶಿವಸೇನಾ ಭವನದ ಎದುರಿನ ಆಸ್ವಾದ್‌ನಲ್ಲಿ ಮಿಸಳ್ (ಖಾರದ ಕಾಳಿನ ಸಾರಿನ ಮೇಲೆ ಸೇವು, ಜೊತೆಗೆ ಪಾವು) ಮತ್ತು ಥಾಲಿಪೀಠ (ಹಲವು ಹಿಟ್ಟು ಬೆರೆಸಿ ತಟ್ಟಿದ ರೊಟ್ಟಿ), 1946ರ ಪ್ರಕಾಶ್‌ನಲ್ಲಿ ಸಾಬೂದಾನ ವಡೆ ಮತ್ತು ಪಿಯೂಷ್. ಪಿಯೂಷ್ ಅಂದರೆ ಶ್ರೀಖಂಡವನ್ನು ಮಜ್ಜಿಗೆಯಲ್ಲಿ ಕದಡಿ ಕೇಸರಿ-ಜಾಯಿಕಾಯಿ ಹಾಕಿದ ಪಾನೀಯ. ಕುಡಿದ ಮೇಲೆ ಒಂದು ಗಂಟೆ ಕಣ್ಣು ಎಳೆಯುತ್ತದೆ. ಎರಡನೇ ದಿನದ ಬೆಳಗ್ಗೆಗೆ ಇದನ್ನು ಇಟ್ಟುಕೊಳ್ಳಿ. ಅಪ್ಪಟ ಸಸ್ಯಾಹಾರಿಗಳಾಗಿ ಮೊಟ್ಟೆಯ ವಾಸನೆಯೇ ಆಗದವರು ಇರಾನಿಯನ್ನು ಬಿಟ್ಟು ನೇರ ಇಲ್ಲಿಗೇ ಬನ್ನಿ.

ಮಧ್ಯಾಹ್ನ, ಸಸ್ಯಾಹಾರಿಗಳಿಗೆ: ಬಾಳೆ ಎಲೆಯೋ, ಗುಜರಾತಿ ಥಾಲಿಯೋ

ಬೆಳಿಗ್ಗೆ ಮಾಟುಂಗಾ ಬೇಡ ಅಂದ ನಾನೇ ಮಧ್ಯಾಹ್ನಕ್ಕೆ ಅಲ್ಲಿಗೇ ಕಳಿಸುತ್ತೇನೆ. ದೋಸೆ ಎಲ್ಲಾದರೂ ಸಿಗುತ್ತದೆ, ಬೋರ್ಡಿಂಗ್ ಊಟ ಈಗ ನಮ್ಮ ಊರುಗಳಲ್ಲೂ ಸಿಗುವುದಿಲ್ಲ.

ಮಾಟುಂಗಾ ಸ್ಟೇಷನ್ನಿನ ಪಕ್ಕದ ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದು. ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದ ನಾಯಕರು ಕಟ್ಟಿದ್ದು. ಊರು ಬಿಟ್ಟು ಬಂದು ಖೋಲಿಯಲ್ಲಿ ನಾಲ್ಕೈದು ಜನ ಸೇರಿ ಮಲಗುತ್ತಿದ್ದ ಗಂಡಸರಿಗೆ ಎರಡು ಹೊತ್ತು ಊಟ ಹಾಕುವ ಜಾಗ. ಅದಕ್ಕೇ ಹೋಟೆಲ್ ಅಲ್ಲ, ಬೋರ್ಡಿಂಗ್. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರ ಕಾಲದ ಊರು ಇದು. ಮೆಟ್ಟಿಲು ಹತ್ತಿ, ಕೂಪನ್ ತೆಗೆದುಕೊಂಡು, ಬೆಂಚಿನ ಮೇಲೆ ಸರದಿ ಕಾಯಬೇಕು. ಎಲೆ ಊಟ ಹೇಳಿ. ಎಲೆಗೆ ನೀರು ಚಿಮುಕಿಸಿ ಒರೆಸುವಷ್ಟರಲ್ಲಿ ಪಲ್ಯ ಬಂದಿರುತ್ತದೆ. ಸಾರು ಬಡಿಸುವವರು ಕೈ ತಡೆಯುವ ತನಕ ಬಿಡುವುದಿಲ್ಲ. ಪಕ್ಕದಲ್ಲಿ ಗುಜರಾತಿ ದಂಪತಿ, ಎದುರಿಗೆ ತಮಿಳು ಅಜ್ಜ, ಆಚೆ ಬ್ಯಾಂಕಿನವರ ಗುಂಪು. ಎಲ್ಲರೂ ಕೈಯಲ್ಲೇ ಅನ್ನ ಕಲಸುತ್ತಿರುತ್ತಾರೆ. ಸಾಂಬಾರು ಉಡುಪಿ ಕಡೆಯದು, ಬೆಲ್ಲ ಇರುತ್ತದೆ. ಬಯಲುಸೀಮೆಯವರು ಗೊಣಗುತ್ತಾರೆ, ಗೊಣಗಿ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಇದರ ಎದುರಾಳಿ ಕಾಲಬಾದೇವಿಯ ಶ್ರೀ ಠಾಕರ್ ಭೋಜನಾಲಯ, 1945ರದು. ಬಟ್ಟೆ ವ್ಯಾಪಾರದ ಗಲ್ಲಿಗಳ ನಡುವೆ ದಾದಿಶೇಠ್ ಅಗ್ಯಾರಿ ಲೇನ್ ಹುಡುಕಬೇಕು. ಎರಡು ಸಲ ಕೇಳದೆ ಯಾರೂ ತಲುಪಿಲ್ಲ. ಥಾಲಿಯಲ್ಲಿ ಬಟ್ಟಲುಗಳು ತುಂಬಿದ ಮೇಲೂ ಫರ್ಸಾಣ್ ಎಂಬ ಕುರುಕಲು ತಿಂಡಿ ಬರುತ್ತದೆ, ತುಪ್ಪ ಸವರಿದ ಫುಲ್ಕಾ ಬರುತ್ತದೆ, ಕಢಿ ಬರುತ್ತದೆ. ಚಳಿಗಾಲವಾದರೆ ಉಂಧಿಯು ಎಂಬ ತರಕಾರಿ ಪಲ್ಯ, ಬೇಸಿಗೆಯಾದರೆ ಮಾವಿನಹಣ್ಣಿನ ಆಮ್‌ರಸ್. ದಾಳು ಸಿಹಿ.

ಎರಡರಲ್ಲಿ ಯಾವುದು? ಖರ್ಚು ಕಡಿಮೆ ಆಗಬೇಕು, ಉಂಡ ಮೇಲೆ ತಿರುಗಾಟವಿದೆ ಅನ್ನುವವರಿಗೆ ರಾಮ ನಾಯಕ್. ಗುಜರಾತಿ ಊಟ ಜನ್ಮದಲ್ಲಿ ಉಂಡಿಲ್ಲ, ಮಧ್ಯಾಹ್ನ ಪೂರ್ತಿ ಖಾಲಿ ಇದೆ ಅನ್ನುವವರಿಗೆ ಠಾಕರ್. ಠಾಕರ್‌ನಲ್ಲಿ ಉಂಡು ಗೇಟ್‌ವೇ ನೋಡಲು ಹೊರಟವರು ಅಲ್ಲಿ ಕಟ್ಟೆ ಸಿಕ್ಕ ಕೂಡಲೆ ಕೂತುಬಿಡುತ್ತಾರೆ. ಹೊಟ್ಟೆಗೆ ಅಷ್ಟು ಭಾರ ಬೇಡ, ಗುಜರಾತಿ ರುಚಿ ಮಾತ್ರ ಸಾಕು ಅನ್ನುವವರಿಗೆ ತಾಡದೇವ್‌ನ ಸ್ವಾತಿ ಸ್ನ್ಯಾಕ್ಸ್ ಇದೆ, 1963ರಿಂದ. ಅಲ್ಲಿಯ ಪಾನ್ಕಿ ಬಾಳೆ ಎಲೆಯ ಎರಡು ಪದರದ ನಡುವೆ ಬೇಯಿಸಿದ ತೆಳು ದೋಸೆಯಂಥದ್ದು. ಎಲೆ ಬಿಡಿಸುವಾಗ ನಮ್ಮ ಅರಿಶಿನ ಎಲೆ ಕಡುಬು ನೆನಪಾಗುತ್ತದೆ.

ಮಧ್ಯಾಹ್ನ, ಮೀನು ತಿನ್ನುವವರಿಗೆ

ಇಲ್ಲಿ ನಾನು ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಜಗಳ ಆಗುವುದೇ ಇಲ್ಲಿ. ಮುಂಬಯಿಯಲ್ಲಿ ಮೀನಿನ ಊಟಕ್ಕೆ ಎರಡು ಮನೆತನ: ಫೋರ್ಟಿನ ಮಂಗಳೂರು ಲಂಚ್ ಹೋಮ್‌ಗಳು, ದಾದರ್-ಬಾಂದ್ರಾ ಕಡೆಯ ಮಾಲ್ವಣಿ-ಗೋಮಾಂತಕ (ಮಾಲ್ವಣ್, ಗೋವಾ ಕಡೆಯ ಅಡುಗೆಯ) ಖಾನಾವಳಿಗಳು. ಎರಡೂ ಒಂದೇ ಕರಾವಳಿಯ ಮಕ್ಕಳು, ಮಸಾಲೆ ಮಾತ್ರ ಬೇರೆ.

ಲಂಚ್ ಹೋಮ್‌ಗಳನ್ನು ಕಟ್ಟಿದವರು ದಕ್ಷಿಣ ಕನ್ನಡ, ಉಡುಪಿಯಿಂದ ಬಂದ ಶೆಟ್ಟರು, ಮೊಗವೀರರು. ಬ್ಯಾಂಕು, ಕೋರ್ಟು, ಷೇರು ಮಾರುಕಟ್ಟೆಯ ನೌಕರರಿಗೆ ಮಧ್ಯಾಹ್ನದ ಅನ್ನ-ಸಾರು ಹಾಕುತ್ತಿದ್ದ ಸಣ್ಣ ಜಾಗಗಳು. 1970ರ ದಶಕದಲ್ಲಿ ಶುರುವಾದ ಮಹೇಶ್ ಲಂಚ್ ಹೋಮ್, ಹಾರ್ನಿಮನ್ ಸರ್ಕಲ್ ಹತ್ತಿರದ ಅಪೂರ್ವ, ಕಾಲಾ ಘೋಡಾದ ತೃಷ್ಣಾ ಮೂರೂ ಈಗ ಎಸಿ ಹಾಕಿಕೊಂಡು ದೊಡ್ಡವಾಗಿವೆ. ತೃಷ್ಣಾಕ್ಕೆ ಹೊರದೇಶದವರೂ ಬರುವುದು ಬೆಣ್ಣೆ-ಕಾಳುಮೆಣಸು-ಬೆಳ್ಳುಳ್ಳಿ ಹಾಕಿದ ಏಡಿಗೆ. ಆ ಅಡುಗೆ ಯಾವ ಬಂಟರ ಮನೆಯಲ್ಲೂ ಇರಲಿಲ್ಲ, ಮುಂಬಯಿಯಲ್ಲೇ ಹುಟ್ಟಿದ್ದು. ರುಚಿ ಮಾತ್ರ ನಿಜ. ಆದರೆ ಮಂಗಳೂರು ಅಡುಗೆಗೆಂದೇ ಹೋಗುವವರು ಗಸಿ ಹೇಳಿ, ಜೊತೆಗೆ ನೀರುದೋಸೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗು, ಹುಣಸೆಹುಳಿ ಹಾಕಿ ನುಣ್ಣಗೆ ಅರೆದ ಮಸಾಲೆ. ಬಣ್ಣ ನೋಡಿ ಹೆದರಬೇಡಿ, ಬ್ಯಾಡಗಿ ಬಣ್ಣ ಕೊಟ್ಟಷ್ಟು ಖಾರ ಕೊಡುವುದಿಲ್ಲ.

ಮಾಲ್ವಣಿ ಮನೆಗೆ ಹೋದರೆ ಹುಣಸೆಯ ಜಾಗದಲ್ಲಿ ಕೋಕಂ ಬರುತ್ತದೆ, ನಮ್ಮ ಮುರುಗಲು. ಬಂಗುಡೆ ಸಾರಿನಲ್ಲಿ ತಿರಫಳ್ ಇರುತ್ತದೆ. ಕೊಂಕಣಿ ಮನೆಗಳಲ್ಲಿ ತೆಪ್ಪಳ ಅನ್ನುವುದು ಇದನ್ನೇ. ಬಾಯಿಗೆ ಸಿಕ್ಕರೆ ನಾಲಗೆ ಜುಮ್ಮೆನ್ನುತ್ತದೆ, ಅಗಿಯಬೇಡಿ. ಕೋಳಿ ಸಾರಿಗೆ ತೆಂಗು-ಈರುಳ್ಳಿ ಕಪ್ಪಗಾಗುವಷ್ಟು ಹುರಿದು ಅರೆಯುತ್ತಾರೆ, ಅದರ ಜೊತೆ ವಡೆ ಅಂತ ಕೊಡುವುದು ನಮ್ಮ ವಡೆಯಲ್ಲ, ಉಬ್ಬಿದ ಪೂರಿಯಂಥದ್ದು. ದಾದರಿನ ಸಿಂಧುದುರ್ಗ, ಚೈತನ್ಯ, ಬಾಂದ್ರಾ ಈಸ್ಟಿನ ಹೈವೇ ಗೋಮಾಂತಕ್ ಈ ಪಂಗಡದವು. ಕೊನೆಗೆ ಸೋಲ್ ಕಢಿ: ಕೋಕಂ ರಸಕ್ಕೆ ತೆಂಗಿನ ಹಾಲು ಬೆರೆಸಿದ ಗುಲಾಬಿ ಬಣ್ಣದ ಪಾನೀಯ. ಅನ್ನಕ್ಕೂ ಹಾಕಿಕೊಳ್ಳಬಹುದು.

ತೀರ್ಪು ಹೇಳು ಅಂದರೆ, ಕರಾವಳಿಯವರು, ಮಲೆನಾಡಿನವರು ಮಾಲ್ವಣಿಗೆ ಹೋಗಿ. ಗಸಿ ನಿಮ್ಮ ಮನೆಯಲ್ಲೇ ಇದೆ. ಅಲ್ಲಿ ಬೊಂಬಿಲ್ ಫ್ರೈ ತಿನ್ನಿ, ಅದು ಈ ನಗರದ್ದೇ ಮೀನು. ಮೈಯೆಲ್ಲ ನೀರು, ಎತ್ತಿದರೆ ಜೋಲುವ ಜಾತಿ. ಸೀಳಿ ಮುಳ್ಳು ತೆಗೆದು, ಮೇಲೆ ಭಾರ ಹೇರಿ ನೀರು ಇಳಿಸಿ, ರವೆಯಲ್ಲಿ ಹೊರಳಿಸಿ ಕರಿಯುತ್ತಾರೆ. ಹೊರಗೆ ಗರಿ, ಒಳಗೆ ಬಾಯಿಗಿಟ್ಟ ಕೂಡಲೆ ಇಲ್ಲವಾಗುವಷ್ಟು ಮೆತ್ತಗೆ. ಆರಿದರೆ ಎರಡೂ ಹೋಯಿತು, ಹಾಗಾಗಿ ಫೋಟೋ ಆಮೇಲೆ. ಬಯಲುಸೀಮೆಯಿಂದ ಬಂದವರು, ಮೀನಿನಲ್ಲಿ ಅಷ್ಟು ಪಳಗಿಲ್ಲದವರು ಲಂಚ್ ಹೋಮಿಗೆ ಹೋಗಿ. ಮುಳ್ಳಿಲ್ಲದ ತುಂಡು ಕೇಳಿ ಹಾಕಿಸಿಕೊಳ್ಳಬಹುದು, ಮಾಣಿಯ ಜೊತೆ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿದರೆ ಯಾವುದು ಇವತ್ತಿನದು ಅಂತ ಕಿವಿಯಲ್ಲಿ ಹೇಳುತ್ತಾರೆ.

ಮೆನುವಿನಲ್ಲಿ ಬೆಲೆಯ ಜಾಗದಲ್ಲಿ ಎಪಿಎಸ್ ಅಂತ ಬರೆದಿದ್ದರೆ ಹುಷಾರು. ಗಾತ್ರ ನೋಡಿ ಬೆಲೆ ಅಂತ ಅರ್ಥ. ಭಾವನ ತಮ್ಮ ಒಮ್ಮೆ ಫೋರ್ಟಿನ ಒಂದು ಹೋಟೆಲಿನಲ್ಲಿ ಏಡಿ ಹೇಳಿದ. ತಟ್ಟೆಯಲ್ಲಿ ಜೀವಂತ ಏಡಿ ತಂದು ತೋರಿಸಿದರು, ಇವನು ದೊಡ್ಡದಿರಲಿ ಅಂತ ತಲೆಯಾಡಿಸಿದ. ಎಷ್ಟು ತೂಕ, ಎಷ್ಟು ರೂಪಾಯಿ ಕೇಳಲೇ ಇಲ್ಲ. ಬಿಲ್ಲು ಬಂದಾಗ ಒಂದು ಏಡಿಯ ದುಡ್ಡು ಮಿಕ್ಕ ಮೂವರ ಊಟಕ್ಕಿಂತ ಜಾಸ್ತಿ. ಅವತ್ತಿಂದ ಅವನಿಗೆ ಮನೆಯಲ್ಲಿ ಏಡಿರಾಯ ಅಂತಲೇ ಹೆಸರು. ತಟ್ಟೆ ಎದುರಿಗೆ ಬಂದ ಹೊತ್ತಿಗೇ ತೂಕ, ಬೆಲೆ ಎರಡನ್ನೂ ಬಾಯಿಬಿಟ್ಟು ಕೇಳಿ. ನಾಚಿಕೆ ಪಡಬೇಡಿ, ಇಲ್ಲಿಯವರೂ ಕೇಳುತ್ತಾರೆ. ಇನ್ನೊಂದು: ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಬಂದರೆ ಮೀನು ತುಟ್ಟಿ, ಹೆಚ್ಚಿನದು ಫ್ರಿಜ್ಜಿನದು. ನಾನಾದರೆ ಮಳೆಗಾಲದಲ್ಲಿ ಬಂದವರನ್ನು ಮೀನಿಗೆ ಕರೆದೊಯ್ಯುವುದೇ ಇಲ್ಲ.

ಆಗ ಕರೆದೊಯ್ಯುವುದು ಬ್ಯಾಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ ಎಂಬ ಇರಾನಿ ಹೋಟೆಲಿಗೆ. 1923ರದು, ಮಧ್ಯಾಹ್ನ ಮಾತ್ರ. ಇಲ್ಲಿಯ ಬೆರ್ರಿ ಪುಲಾವ್‌ನ ಮೇಲೆ ಉದುರಿಸುವ ಹುಳಿ ಕೆಂಪು ಹಣ್ಣು ಇರಾನಿನ ಜೆರೆಷ್ಕ್. ಅನ್ನದ ನಡುವೆ ಸಿಕ್ಕಾಗ ಕವಳೆಹಣ್ಣು ಒಣಗಿಸಿದಂತೆ ಇರುತ್ತದೆ. ಕೋಳಿ, ಕುರಿ, ತರಕಾರಿ ಮೂರರಲ್ಲೂ ಮಾಡುತ್ತಾರೆ, ಜೊತೆಗೆ ಕೆಂಪು ರಾಸ್‌ಬೆರಿ ಸೋಡಾ. ಮೇಜಿನಿಂದ ಮೇಜಿಗೆ ಹೋಗಿ ಎಲ್ಲರನ್ನೂ ಮಾತಾಡಿಸುತ್ತಿದ್ದ ಮಾಲೀಕ ಬೊಮನ್ ಕೊಹಿನೂರ್ 2019ರಲ್ಲಿ ತೀರಿಕೊಂಡರು. ಅವರಿಲ್ಲದ ಬ್ರಿಟಾನಿಯಾ ನನಗೆ ಸ್ವಲ್ಪ ಖಾಲಿ ಅನ್ನಿಸುತ್ತದೆ, ಪುಲಾವ್ ಹಾಗೇ ಇದೆ. ಸಸ್ಯಾಹಾರಿ-ಮಾಂಸಾಹಾರಿ ಎರಡೂ ಇರುವ ಕುಟುಂಬಕ್ಕೆ ಮಧ್ಯಾಹ್ನ ಜಗಳವಿಲ್ಲದ ಜಾಗ ಇದೇ.

ಸಂಜೆ: ವಡಾ ಪಾವ್, ಪಾವ್ ಭಾಜಿ, ಭೇಲ್

ಇವುಗಳಲ್ಲಿ ಒಂದನ್ನು ಆರಿಸುವ ಕಷ್ಟ ಬೇಡ. ವಡಾ ಪಾವ್ ಊಟವಲ್ಲ, ನಡೆಯುತ್ತ ತಿನ್ನುವುದು. 1966ರಲ್ಲಿ ದಾದರ್ ಸ್ಟೇಷನ್ ಹೊರಗೆ ಅಶೋಕ್ ವೈದ್ಯ ಎಂಬವರು ಶುರುಮಾಡಿದ್ದು ಅಂತ ಇಲ್ಲಿಯವರ ಮಾತು. 1982ರ ಗಿರಣಿ ಮುಷ್ಕರದ ನಂತರ ಕೆಲಸ ಕಳೆದುಕೊಂಡ ಎಷ್ಟೋ ಜನ ಇದೇ ಗಾಡಿ ಇಟ್ಟು ಬದುಕಿದರು. ಒಳ್ಳೆಯ ಗಾಡಿ ಹುಡುಕಲು ಹೆಸರು ಬೇಡ, ಬಾಣಲೆ ನೋಡಿ. ವಡೆ ರಾಶಿ ಬಿದ್ದಿದ್ದರೆ ಮುಂದೆ ಹೋಗಿ. ಜನ ನಿಂತಿದ್ದು, ಎಣ್ಣೆಯಿಂದ ಎತ್ತಿದ್ದು ನೇರ ಪಾವಿಗೆ ಹೋಗುತ್ತಿದ್ದರೆ ನಿಲ್ಲಿ. ಒಣ ಕೆಂಪು ಬೆಳ್ಳುಳ್ಳಿ ಚಟ್ನಿ ಜಾಸ್ತಿ ಹಾಕಿಸಿಕೊಳ್ಳಿ, ಸಿಹಿ ಚಟ್ನಿ ಬೇಡ ಅನ್ನಿ. ಕರಿದ ಹಸಿಮೆಣಸು ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಮರೆಯುತ್ತಾರೆ.

ಪಾವ್ ಭಾಜಿಗೆ ಕೂರಬೇಕು. ತಾಡದೇವ್‌ನ ಸರ್ದಾರ್‌ನಲ್ಲಿ ಬೆಣ್ಣೆ ಹಾಕುವುದನ್ನು ನೋಡಿದರೆ ಡಾಕ್ಟರು ನೆನಪಾಗುತ್ತಾರೆ. ಸಿಎಸ್‌ಎಂಟಿ (ಹಳೆಯ ವಿ.ಟಿ.) ಸ್ಟೇಷನ್ ಎದುರಿನ ಕ್ಯಾನನ್‌ನಲ್ಲಿ ನಿಂತು ತಿನ್ನಬಹುದು, ಬೆಣ್ಣೆಯೂ ಮಿತ. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರು ಜೈನ್ ಅಂದರೆ ಸಾಕು, ಹೆಚ್ಚಿನ ಕಡೆ ಆಲೂಗೆಡ್ಡೆಯ ಬದಲು ಬಾಳೆಕಾಯಿ ಹಾಕಿ ಮಾಡಿಕೊಡುತ್ತಾರೆ. ಗುರುವಾರ-ಶನಿವಾರ ನೇಮ ಇಟ್ಟುಕೊಂಡ ನಮ್ಮ ಅತ್ತೆಗೆ ಈ ಒಂದು ಶಬ್ದದಿಂದ ಮುಂಬಯಿ ಬಹಳ ಇಷ್ಟವಾಯಿತು.

ಭೇಲ್? ಚೌಪಾಟಿಯ ಕಡಲತೀರಕ್ಕೆ ಸೂರ್ಯ ಮುಳುಗುವುದನ್ನು ನೋಡಲು ಹೋದರೆ ತಿನ್ನಿ. ಅದಕ್ಕೆಂದೇ ಹೋಗಬೇಡಿ.

ರಾತ್ರಿ: ಮೊಹಮ್ಮದ್ ಅಲಿ ರೋಡೋ, ಕೊಲಾಬಾವೋ

ಕೊಲಾಬಾದ ತಾಜ್ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಬಡೇಮಿಯಾ 1946ರಿಂದ ಕಬಾಬ್ ಸುಡುತ್ತಿದೆ. ಹತ್ತಿರದಲ್ಲೇ ಲಾಡ್ಜ್ ಮಾಡಿದವರಿಗೆ, ರಾತ್ರಿ ಹನ್ನೊಂದಕ್ಕೆ ಹಸಿವಾದವರಿಗೆ ಸರಿ. ಕಬಾಬಿಗೆಂದು ಅಂಧೇರಿಯಿಂದ ಅಲ್ಲಿಗೆ ಬರುವಂಥದ್ದೇನೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ, ಸಿಟ್ಟಾಗುವವರು ಆಗಲಿ.

ಮೊಹಮ್ಮದ್ ಅಲಿ ರೋಡಿಗೆ ಮಾತ್ರ ಅಂಧೇರಿಯಿಂದ ಏನು, ಕಲ್ಯಾಣದಿಂದಲೂ ಬರಬಹುದು. ರಂಜಾನ್ ತಿಂಗಳಾದರೆ ಮಿನಾರಾ ಮಸೀದಿಯ ಪಕ್ಕದ ಗಲ್ಲಿ ರಾತ್ರಿಯೆಲ್ಲ ಎಚ್ಚರ. ಅಷ್ಟಗಲದ ಬಾಣಲೆಯಲ್ಲಿ ಮೊಟ್ಟೆ ಹಾಕಿದ ಹಿಟ್ಟು ಹರಡಿ ಮಾಲ್‌ಪುವಾ ಕರಿಯುತ್ತಾರೆ, ಮೇಲೆ ರಬಡಿ. ಒಂದು ಮಾಲ್‌ಪುವಾ ಮೂವರಿಗೆ ಸಾಕು. ತಲೆಗೊಂದು ಹೇಳಿ ಪೇಚಿಗೆ ಸಿಕ್ಕಬೇಡಿ. 1936ರ ಸುಲೇಮಾನ್ ಉಸ್ಮಾನ್ ಮಿಠಾಯಿವಾಲಾದಲ್ಲಿ ಮಣ್ಣಿನ ಕುಡಿಕೆಯ ಫಿರ್ನಿ, ಅಕ್ಕಿ-ಹಾಲಿನ ಪಾಯಸದಂಥದ್ದು. ಜನಸಂದಣಿ ಅಂದರೆ ಹೆಜ್ಜೆ ಇಡಲು ಜಾಗವಿಲ್ಲದಷ್ಟು, ಚಿಕ್ಕ ಮಕ್ಕಳು, ಮಂಡಿ ನೋವಿನವರು ಇದ್ದರೆ ರಂಜಾನ್‌ನ ವಾರಾಂತ್ಯ ಬೇಡವೇ ಬೇಡ.

ಅಂಥವರು ಬೇರೆ ತಿಂಗಳಲ್ಲಿ ಬನ್ನಿ, ಭೇಂಡಿ ಬಜಾರ್ ಮತ್ತು ಬೊಹ್ರಿ ಮೊಹಲ್ಲಾ ಕಡೆ ತಿರುಗಿ. 1923ರ ನೂರ್ ಮೊಹಮ್ಮದಿಯಲ್ಲಿ ನಳ್ಳಿ ನಿಹಾರಿ, ಏಡಿಯಲ್ಲ, ಮೂಳೆ ಸಮೇತ ನಿಧಾನ ಬೇಯಿಸಿದ ಮಾಂಸದ ಸಾರು. ಮೂಳೆಯೊಳಗಿನ ಮಜ್ಜೆ ತಟ್ಟಿ ಬೀಳಿಸಿಕೊಂಡು ರೊಟ್ಟಿಯಲ್ಲಿ ಒರೆಸಿ ತಿನ್ನುವ ಊಟ. ಮಾಂಸ ಮುಟ್ಟದವರು ಜೊತೆಗಿದ್ದರೆ ಅವರ ಪಾಲಿಗೆ ತಾಜ್ ಐಸ್‌ಕ್ರೀಮ್. 1887ರಿಂದ ಇರುವ ಅಂಗಡಿ, ಈಗಲೂ ಐಸು-ಉಪ್ಪು ತುಂಬಿದ ಪೀಪಾಯಿಯಲ್ಲಿ ಡಬ್ಬ ಇಟ್ಟು ಕೈಯಲ್ಲಿ ತಿರುಗಿಸುತ್ತಾರೆ. ಸೀತಾಫಲದ ಕಾಲದಲ್ಲಿ ಹೋದರೆ ಬೇರೆ ಏನೂ ಹೇಳಬೇಡಿ. ಮಸೀದ್ ಅಥವಾ ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಟ್ಯಾಕ್ಸಿ ಹಿಡಿದರೆ ಕೊನೆಯ ಅರ್ಧ ಮೈಲಿಗೆ ಇಪ್ಪತ್ತು ನಿಮಿಷ.

ದುಡ್ಡಿದ್ದವರ ಒಂದು ರಾತ್ರಿ

ಮದುವೆಯ ವಾರ್ಷಿಕೋತ್ಸವ ಅಂತಲೋ ಆಫೀಸಿನ ದುಡ್ಡು ಅಂತಲೋ ಬಂದವರು ಕೇಳುತ್ತಾರೆ. ಲೋವರ್ ಪರೇಲ್‌ನ ಕಮಲಾ ಮಿಲ್ಸ್ ಆವರಣದಲ್ಲಿ 2015ರಲ್ಲಿ ಶುರುವಾದ ಬಾಂಬೆ ಕ್ಯಾಂಟೀನ್, ಮಹಾಲಕ್ಷ್ಮಿಯ ಶಕ್ತಿ ಮಿಲ್ಸ್ ಗಲ್ಲಿಯ ಮಾಸ್ಕ್, ಅದು 2016ರದು. ಮೊದಲನೆಯದರಲ್ಲಿ ನಮಗೆ ಗೊತ್ತಿರುವ ತಿಂಡಿಗಳೇ ಬೇರೆ ವೇಷ ಹಾಕಿಕೊಂಡು ಬರುತ್ತವೆ, ಬೇಕಾದ್ದನ್ನು ಹೇಳಿ ತಿನ್ನಬಹುದು. ಎರಡನೆಯದರಲ್ಲಿ ಆರಿಸುವಂತಿಲ್ಲ, ಅವರು ಒಂದರ ಮೇಲೊಂದು ಕಳಿಸಿದ್ದನ್ನು ಎರಡು ಮೂರು ತಾಸು ಕೂತು ತಿನ್ನಬೇಕು, ತಲೆಗೆ ಸಾವಿರಗಟ್ಟಲೆ. ಹೋಟೆಲಿನಲ್ಲಿ ತಾಳ್ಮೆ ಇಲ್ಲದವರಿಗೆ ಮೊದಲನೆಯದು. ನನಗೆ ಈ ಗಿರಣಿ ಆವರಣಗಳಿಗೆ ಹೋದಾಗ ಹೊರಗೆ ಗೇಟಿನ ಬಳಿ ವಡಾ ಪಾವ್ ಗಾಡಿ ಇದೆಯೋ ಅಂತ ಕಣ್ಣು ಹೋಗುತ್ತದೆ. ಸಾಮಾನ್ಯವಾಗಿ ಇರುತ್ತದೆ.

ಕೊನೆಗೆ ಭಾವನಿಗೆ ಬರೆದುಕೊಟ್ಟದ್ದು

ಮೊದಲ ದಿನ ದಕ್ಷಿಣ: ಕಯಾನಿಯಲ್ಲಿ ಚಹ, ಫೋರ್ಟ್ ಸುತ್ತಾಟ, ಬ್ರಿಟಾನಿಯಾದಲ್ಲಿ ಊಟ, ಸಂಜೆ ಚೌಪಾಟಿ, ರಾತ್ರಿ ಬೊಹ್ರಿ ಮೊಹಲ್ಲಾ. ಎಲ್ಲವೂ ನಾಲ್ಕೈದು ಕಿಲೋಮೀಟರಿನೊಳಗೆ. ಎರಡನೇ ದಿನ ದಾದರ್-ಮಾಟುಂಗಾ: ಬೆಳಿಗ್ಗೆ ಮಿಸಳ್, ಮಧ್ಯಾಹ್ನ ಅಕ್ಕನಿಗೆ ರಾಮ ನಾಯಕರ ಎಲೆ, ಭಾವನಿಗೆ ಬೊಂಬಿಲ್, ನಾಲ್ಕಕ್ಕೆ ಸ್ಟೇಷನ್ನಿನಲ್ಲಿ ಇಬ್ಬರೂ ಸೇರುವುದು. ಬಾಂದ್ರಾ, ಜುಹೂ ಎರಡನ್ನೂ ಹೊಡೆದುಹಾಕಿದೆ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದೂವರೆಯಿಂದ ಒಂಬತ್ತು ಲೋಕಲ್ ಹತ್ತಬೇಡಿ ಅಂತ ಕೆಳಗೆ ಗೆರೆ ಎಳೆದು ಬರೆದೆ. ಭಾವ ಅದನ್ನು ಓದಿ ತಮ್ಮ ಪಟ್ಟಿಯ ಹಿಂಬದಿಗೆ ಅಂಟಿಸಿಕೊಂಡರು.

ವಾಪಸ್ ಗಾಡಿಗೆ ಬುತ್ತಿ ಕಟ್ಟಿಸುವವರಿಗೆ ಇಷ್ಟು: ಸ್ಟೇಷನ್ ಎದುರು ವಡಾ ಪಾವ್ ಕೊಂಡರೆ ಚಟ್ನಿ ಬೇರೆ ಪೊಟ್ಟಣದಲ್ಲಿ ಹಾಕಿಸಿ, ಕಲ್ಯಾಣ ದಾಟುವುದರೊಳಗೆ ತಿಂದು ಮುಗಿಸಿ. ಆಮೇಲೆ ಪಾವು ಬೆವೆತು ವಡೆಗೆ ಅಂಟಿಕೊಳ್ಳುತ್ತದೆ. ಊರಿನ ತನಕ ಕೆಡದೆ ಬರುವುದು ಇರಾನಿಯ ಖಾರಿ ಬಿಸ್ಕತ್ತು ಮಾತ್ರ, ಅದೂ ಮೇಲಿನ ಬರ್ತಿನಲ್ಲಿ ಇಟ್ಟರೆ. ಕೆಳಗೆ ಚೀಲದಲ್ಲಿ ತುರುಕಿದ ಅಕ್ಕನ ಪೊಟ್ಟಣ ಮನೆ ಸೇರುವಾಗ ಪುಡಿಯಾಗಿತ್ತಂತೆ. ಪುಡಿಯನ್ನೇ ಚಮಚದಲ್ಲಿ ಚಹಕ್ಕೆ ಹಾಕಿಕೊಂಡು ಕುಡಿದರಂತೆ.